ಎರಡು ಗೋಡೆ ದಾಟಿದ ಆನಂದರಾಯರು

ಬಂಟ್ವಾಳದಿಂದ ಮೂಡುಬಿದಿರೆಗೆ ಬಿ.ಇ. ಓದಲು ಬಂದವನು ನಾನು. ಬಾಸೆಲ್ ಮಿಶನ್ ಪರಂಪರೆಯ ನಮ್ಮ ಮನೆಯಲ್ಲಿ ಅಜ್ಜಿ ಹೇಳುತ್ತಿದ್ದ ಹೆಸರು ಹರ್ಮನ್ ಆನಂದರಾವ್ ಕೌಂಡಿನ್ಯ.

1825ರಲ್ಲಿ ಮಂಗಳೂರಿನ ಸಾರಸ್ವತ ಬ್ರಾಹ್ಮಣ ಕುಟುಂಬದಲ್ಲಿ ಹುಟ್ಟಿದ ಅವರು, ಮೋಗ್ಲಿಂಗ್ ಅವರ ಶಿಷ್ಯರಾಗಿ 1844ರ ಜನವರಿಯಲ್ಲಿ ದೀಕ್ಷಾಸ್ನಾನ ಪಡೆದರು. ಹೆಚ್ಚುಕಡಿಮೆ ನನ್ನದೇ ವಯಸ್ಸು! ಊರು ಕೆರಳಿತು, ನಂಟರು ದೂರವಾದರು. 1846ರಲ್ಲಿ ಗುರುವಿನ ಜೊತೆ ಬಾಸೆಲ್‌ಗೆ ಹೋಗಿ ದೇವಶಾಸ್ತ್ರ ಓದಿದರು. 1851ರಲ್ಲಿ ಬೋಧಕರಾಗಿ ಮರಳಿ ಮಂಗಳೂರಿನ ಸೆಮಿನರಿಯಲ್ಲಿ ಪಾಠ ಮಾಡಿದರು.

1860ರಲ್ಲಿ ಜರ್ಮನಿಯ ಮೇರಿ ರೈನ್‌ಹಾರ್ಟ್ ಅವರನ್ನು ಮದುವೆಯಾದರು. 1857ರ ದಂಗೆಯ ಗಾಯ ಇನ್ನೂ ಹಸಿಯಾಗಿದ್ದು, ಬಿಳಿಯರಿಗೂ ಭಾರತೀಯರಿಗೂ ನಡುವೆ ಸಂಶಯವೇ ತುಂಬಿದ್ದ ಕಾಲವದು.

ನನಗೆ ಇದಕ್ಕಿಂತ ದೊಡ್ಡದೆನಿಸುವುದು ಕೊಡಗಿನ ಆನಂದಪುರ. ಒಡೆಯರ ಜಮೀನಿನಲ್ಲಿ ದುಡಿಯುತ್ತಿದ್ದ ದಲಿತ ಕುಟುಂಬಗಳು ಕ್ರೈಸ್ತರಾದಾಗ ಅವರಿಗೆ ಸ್ವಂತ ನೆಲೆ ಬೇಕಾಯಿತು. ಮೋಗ್ಲಿಂಗ್ ಕಟ್ಟಿದ ಆ ಊರಿಗೆ ಕೌಂಡಿನ್ಯರ ಹಣ ನೆರವಾಯಿತು, ಹೆಸರೂ ಅವರದೇ ಆಯಿತು. ಬಣ್ಣದ ಗೋಡೆಯನ್ನು ಮದುವೆಯಲ್ಲಿ ದಾಟಿದವರು, ಜಾತಿಯ ಗೋಡೆಯನ್ನು ಮಣ್ಣಿನಲ್ಲೇ ದಾಟಿದರು. 1893ರಲ್ಲಿ ತೀರಿಕೊಂಡರು.

ನಮ್ಮ ಹಾಸ್ಟೆಲ್ ಮೆಸ್ಸಿನಲ್ಲಿ ಇಂದಿಗೂ ಊರು, ಭಾಷೆ, ಜಾತಿ ನೋಡಿಯೇ ಮೇಜುಗಳು ತುಂಬುತ್ತವೆ. ಈಶಾನ್ಯ ರಾಜ್ಯದ ಹುಡುಗರು ಮೂಲೆಯಲ್ಲಿ ಕೂರುತ್ತಾರೆ. ಭಾನುವಾರ ಒಂದೇ ರೊಟ್ಟಿ ಹಂಚಿಕೊಳ್ಳುವ ನಾವು ಸೋಮವಾರ ಒಂದೇ ಮೇಜಿನಲ್ಲಿ ಉಣ್ಣದಿದ್ದರೆ ಆ ನಂಬಿಕೆಗೆ ಅರ್ಥವೇನು? ಗೆಳೆಯರೇ, ನಾಳೆ ತಟ್ಟೆ ಹಿಡಿದು ಆ ಮೂಲೆಯ ಮೇಜಿಗೆ ಹೋಗೋಣ. ಕೌಂಡಿನ್ಯರು ಸಮುದ್ರವನ್ನೇ ದಾಟಿದ್ದರು. ನಮಗಿರುವುದು ನಾಲ್ಕು ಹೆಜ್ಜೆ.