ರೈಟ್ ಸಹೋದರರಿಗೂ ಮೊದಲೇ ಮುಂಬೈನಲ್ಲಿ ವಿಮಾನ ಹಾರಿತ್ತೇ? ತಳಪದೆ ಕಥೆಯಲ್ಲಿ ಉತ್ತರ ಸಿಗದ ಎಂಜಿನ್ ಪ್ರಶ್ನೆ

ವಿಮಾನ ಕಂಡುಹಿಡಿದವರು ಯಾರು ಎಂದರೆ ಶಾಲಾ ಮಕ್ಕಳೂ ರೈಟ್ ಸಹೋದರರ ಹೆಸರು ಹೇಳುತ್ತಾರೆ. ಆದರೆ ಅವರಿಗಿಂತ 8 ವರ್ಷ ಮೊದಲೇ, 1895ರಲ್ಲಿ ಮುಂಬೈನ ಚೌಪಾಟಿ ಕಡಲ ತೀರದಲ್ಲಿ ಭಾರತೀಯರೊಬ್ಬರು ವಿಮಾನ ಹಾರಿಸಿದ್ದರು ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಆಗಾಗ ಹರಿದಾಡುತ್ತಲೇ ಇರುತ್ತದೆ. ಆ ವ್ಯಕ್ತಿಯೇ ಶಿವಕರ್ ಬಾಪೂಜಿ ತಳಪದೆ. ವಿಮಾನದ ಹೆಸರು ಮರುತ್ಸಖಾ, ಅಂದರೆ ಗಾಳಿಯ ಗೆಳೆಯ.

ಈ ಕಥೆಯಲ್ಲಿ ನಿಜವೆಷ್ಟು, ನಂಬಿಕೆ ಎಷ್ಟು? ಅದಕ್ಕೂ ಬೆಂಗಳೂರಿನ ಪಕ್ಕದ ಆನೇಕಲ್‌ಗೂ ಇರುವ ನಂಟೇನು? ಇಲ್ಲಿದೆ ವಿವರ.

ಯಾರು ಈ ತಳಪದೆ?

ತಳಪದೆ ಹುಟ್ಟಿದ್ದು 1864ರಲ್ಲಿ, ಮುಂಬೈನ ಚೀರಾ ಬಜಾರ್ ಪ್ರದೇಶದಲ್ಲಿ. ನಗರದ ಹಳೆಯ ನಿವಾಸಿಗಳಾದ ಪಾಠಾರೆ ಪ್ರಭು ಸಮುದಾಯಕ್ಕೆ ಸೇರಿದ ಕುಟುಂಬ ಅವರದು. ಓದಿದ್ದು ಎಂಜಿನಿಯರಿಂಗ್ ಅಲ್ಲ, ಚಿತ್ರಕಲೆ. ಸರ್ ಜೆ.ಜೆ. ಕಲಾ ಶಾಲೆಯಲ್ಲಿ ಕಲಿತು, ಮುಂದೆ ಅಲ್ಲಿಯೇ ಶಿಕ್ಷಕರಾದರು.

ಅವರ ಗುರು ಚಿರಂಜೀಲಾಲ್ ವರ್ಮಾ ಮೂಲಕ ಆರ್ಯ ಸಮಾಜದ ಸ್ಥಾಪಕ ದಯಾನಂದ ಸರಸ್ವತಿಯವರ ಬರಹಗಳು ತಳಪದೆ ಕೈಗೆ ಬಂದವು. ದಯಾನಂದರ ಋಗ್ವೇದಾದಿ ಭಾಷ್ಯ ಭೂಮಿಕಾ ಗ್ರಂಥದಲ್ಲಿ ಹಡಗು ಮತ್ತು ವಿಮಾನ ವಿದ್ಯೆಯ ಬಗ್ಗೆಯೇ ಒಂದು ಅಧ್ಯಾಯವಿದೆ. ವೇದಕಾಲದಲ್ಲಿ ಹಾರುವ ಯಂತ್ರಗಳಿದ್ದವು ಎಂಬ ಮಾತು ಯುವಕ ತಳಪದೆಯ ಮನಸ್ಸಿನಲ್ಲಿ ಬೇರೂರಿತು. ಸಂಸ್ಕೃತ ಗ್ರಂಥಗಳ ಅಧ್ಯಯನಕ್ಕೆ ಇಳಿದ ಅವರು ಆರ್ಯಧರ್ಮ ಎಂಬ ಮರಾಠಿ ಪತ್ರಿಕೆಯ ಸಂಪಾದಕರೂ ಆದರು. ಪ್ರಾಚೀನ ವಿಮಾನ ಕಲೆಯ ಬಗ್ಗೆ ಮರಾಠಿಯಲ್ಲಿ ಪುಸ್ತಕವನ್ನೂ ಬರೆದರು.

ಚೌಪಾಟಿಯಲ್ಲಿ ನಡೆದಿದ್ದೇನು?

ಜನಪ್ರಿಯ ಕಥೆ ಹೀಗಿದೆ. 1895ರ ಒಂದು ದಿನ ಚೌಪಾಟಿಯಲ್ಲಿ ಜನ ಸೇರಿದ್ದರು. ಬರೋಡಾ ಮಹಾರಾಜ ಸಯಾಜಿರಾವ್ ಗಾಯಕವಾಡ್, ನ್ಯಾಯಮೂರ್ತಿ ಮಹಾದೇವ ಗೋವಿಂದ ರಾನಡೆ ಕೂಡ ಬಂದಿದ್ದರು. ಪೈಲಟ್ ಇಲ್ಲದ ಮರುತ್ಸಖಾ ಸುಮಾರು 1,500 ಅಡಿ ಮೇಲೇರಿ ಕೆಳಗೆ ಬಿತ್ತು. ಮಹಾರಾಜರ ನೆರವು ಮುಂದುವರಿಯದೆ ಪ್ರಯೋಗ ನಿಂತುಹೋಯಿತು. ತಳಪದೆ ತೀರಿಕೊಂಡ ಮೇಲೆ ಯಂತ್ರದ ಭಾಗಗಳು ಬ್ರಿಟಿಷ್ ಕಂಪನಿಯೊಂದರ ಪಾಲಾದವು.

ಸಮಸ್ಯೆ ಇರುವುದು ಇಲ್ಲಿಯೇ. ಆ ದಿನದ ಫೋಟೊ, ಯಂತ್ರದ ನಕ್ಷೆ, ತೂಕ ಅಥವಾ ಅಳತೆಯ ದಾಖಲೆ ಯಾವುದೂ ಇತಿಹಾಸಕಾರರ ಕೈಗೆ ಸಿಕ್ಕಿಲ್ಲ. ಎತ್ತರ, ಹಾರಿದ ಸಮಯ, ವಿಮಾನದ ಹೆಸರು ಕೂಡ ಒಬ್ಬೊಬ್ಬರ ಹೇಳಿಕೆಯಲ್ಲಿ ಒಂದೊಂದು ರೀತಿ ಇದೆ. ಇಂದು ಓಡಾಡುತ್ತಿರುವ ವಿವರಗಳಲ್ಲಿ ಹೆಚ್ಚಿನವು ಹಲವು ದಶಕಗಳ ನಂತರ ಬರೆದವು.

ಹೋಲಿಕೆಗೆ ಅದೇ ಕಾಲದ ಇನ್ನೊಂದು ಘಟನೆ ನೋಡಬಹುದು. 1896ರ ಮೇ 6ರಂದು ಅಮೆರಿಕದ ವಿಜ್ಞಾನಿ ಸ್ಯಾಮ್ಯುಯೆಲ್ ಲ್ಯಾಂಗ್ಲಿ ಅವರ ಪೈಲಟ್ ರಹಿತ ಉಗಿಚಾಲಿತ ಯಂತ್ರ ಪೊಟೊಮ್ಯಾಕ್ ನದಿಯ ಮೇಲೆ ಸುಮಾರು 1 ಕಿ.ಮೀ. ಹಾರಿತು. ಟೆಲಿಫೋನ್ ಖ್ಯಾತಿಯ ಅಲೆಕ್ಸಾಂಡರ್ ಗ್ರಹಾಂ ಬೆಲ್ ಅಲ್ಲಿಯೇ ನಿಂತು ಫೋಟೊ ತೆಗೆದರು. ಆ ಫೋಟೊ ಇಂದಿಗೂ ಇದೆ. ಚೌಪಾಟಿಯ ಕಥೆಗೆ ಇಲ್ಲದಿರುವುದು ಇಂಥದ್ದೇ ಸಾಕ್ಷಿ.

ಎಲ್ಲರಿಗೂ ತಲೆನೋವಾಗಿದ್ದು ಎಂಜಿನ್

ಆ ಕಾಲದಲ್ಲಿ ಮನೆಯಲ್ಲಿ, ಶೆಡ್‌ನಲ್ಲಿ ವಿಮಾನ ಕಟ್ಟುತ್ತಿದ್ದವರಿಗೆ ರೆಕ್ಕೆ ದೊಡ್ಡ ಸಮಸ್ಯೆಯಾಗಿರಲಿಲ್ಲ. ಜರ್ಮನಿಯ ಒಟ್ಟೊ ಲಿಲಿಯೆಂಥಾಲ್ ಎಂಜಿನ್ ಇಲ್ಲದ ಗ್ಲೈಡರ್‌ನಲ್ಲೇ ಸಾವಿರಾರು ಬಾರಿ ಜಾರಿ ಹಾರಿದ್ದರು. ಕಷ್ಟವಿದ್ದುದು ಎಂಜಿನ್ ಕೂರಿಸುವುದರಲ್ಲಿ. ಶಕ್ತಿ ಬೇಕೆಂದರೆ ತೂಕ ಹೆಚ್ಚುತ್ತದೆ, ತೂಕ ಹೆಚ್ಚಿದರೆ ಹಾರಲು ಇನ್ನಷ್ಟು ಶಕ್ತಿ ಬೇಕಾಗುತ್ತದೆ. 1894ರಲ್ಲಿ ಇಂಗ್ಲೆಂಡ್‌ನಲ್ಲಿ ಹಿರಾಮ್ ಮ್ಯಾಕ್ಸಿಮ್ ತಲಾ 180 ಅಶ್ವಶಕ್ತಿಯ ಎರಡು ಉಗಿ ಎಂಜಿನ್ ಕೂರಿಸಿದರು. ಯಂತ್ರದ ಒಟ್ಟು ತೂಕ 3,600 ಕೆ.ಜಿ. ಮುಟ್ಟಿತು. ಹಳಿಯಿಂದ ಮೇಲೆದ್ದ ಅದು ತಡೆಕಂಬಿ ಮುರಿದು ನಿಂತಿತು.

ರೈಟ್ ಸಹೋದರರಿಗೆ ಬೇಕಿದ್ದುದು ಸುಮಾರು 90 ಕೆ.ಜಿ. ಒಳಗಿನ, ಕನಿಷ್ಠ 8 ಅಶ್ವಶಕ್ತಿಯ ಪೆಟ್ರೋಲ್ ಎಂಜಿನ್. ಯಾವ ಕಂಪನಿಯೂ ಕೊಡಲಿಲ್ಲ. ಕೊನೆಗೆ ಅವರ ಸೈಕಲ್ ಅಂಗಡಿಯ ಮೆಕ್ಯಾನಿಕ್ ಚಾರ್ಲಿ ಟೇಲರ್ ಸುಮಾರು 6 ವಾರಗಳಲ್ಲಿ ಎಂಜಿನ್ ತಯಾರಿಸಿದರು. ಅದರ ಹೊರಕವಚ ಅಲ್ಯೂಮಿನಿಯಂನದು. ಮೊದಲ ಪರೀಕ್ಷೆಗಳ ವೇಳೆಯೇ ಅದು ಒಡೆದುಹೋಗಿ ಮತ್ತೆ ಎರಕ ಹೊಯ್ಯಿಸಬೇಕಾಯಿತು. ಕೊನೆಗೆ 12 ಅಶ್ವಶಕ್ತಿ ಸಿಕ್ಕಿತು.

ಎಂಜಿನ್ ಸಿಕ್ಕ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಅದನ್ನು ಕೆಳ ರೆಕ್ಕೆಯ ಮೇಲೆ ಬಲಗಡೆ ಕೂರಿಸಿ, ಎಡಗಡೆ ಪೈಲಟ್ ಮಲಗುವಂತೆ ಮಾಡಿದರು. ಎಂಜಿನ್ ಪೈಲಟ್‌ಗಿಂತ ಭಾರವಾಗಿದ್ದರಿಂದ ಸಮತೋಲನಕ್ಕಾಗಿ ಬಲ ರೆಕ್ಕೆಯನ್ನು ಸುಮಾರು 4 ಇಂಚು ಉದ್ದ ಮಾಡಿದರು. ಸೈಕಲ್‌ನಲ್ಲಿರುವಂಥ ಚೈನ್ ಮೂಲಕ ಎರಡು ಪ್ರೊಪೆಲ್ಲರ್ ತಿರುಗಿದವು. 1903ರ ಡಿಸೆಂಬರ್ 17ರಂದು ವಿಮಾನ ಮೊದಲ ಬಾರಿ ಹಾರಿದ್ದು 12 ಸೆಕೆಂಡ್, 120 ಅಡಿ ಮಾತ್ರ.

ಪಾದರಸದ ಲೆಕ್ಕ ಕೂಡುವುದಿಲ್ಲ

ತಳಪದೆಯ ಯಂತ್ರಕ್ಕೆ ಶಕ್ತಿ ಎಲ್ಲಿಂದ ಬಂತು ಎಂಬ ಪ್ರಶ್ನೆಗೆ ಕಥೆ ಹೇಳುವವರು ಕೊಡುವ ಉತ್ತರ ಪಾದರಸ. ಪಾದರಸದ ಮೇಲೆ ಸೂರ್ಯನ ಶಾಖ ಬಿದ್ದು ಶಕ್ತಿ ಉಂಟಾಯಿತು ಎಂದು ಕೆಲವರು, ಪಾದರಸದ ಆವಿಯೇ ಯಂತ್ರವನ್ನು ತಳ್ಳಿತು ಎಂದು ಇನ್ನು ಕೆಲವರು ಹೇಳುತ್ತಾರೆ.

ವಿಜ್ಞಾನದ ಲೆಕ್ಕ ಇದನ್ನು ಒಪ್ಪುವುದಿಲ್ಲ. ಪಾದರಸ ನೀರಿಗಿಂತ 13.6 ಪಟ್ಟು ಭಾರ. ಅಂದರೆ ಒಂದು ಲೀಟರ್ ಪಾದರಸದ ತೂಕವೇ 13.6 ಕೆ.ಜಿ. ಅದು ಕುದಿಯಲು ಸುಮಾರು 357 ಡಿಗ್ರಿ ಸೆಲ್ಸಿಯಸ್ ಬೇಕು. ನೀರಿನ ಆವಿ ಹೊರುವಷ್ಟೇ ಶಾಖ ಹೊರಲು ಏಳೆಂಟು ಪಟ್ಟು ಹೆಚ್ಚು ತೂಕದ ಪಾದರಸ ಬೇಕಾಗುತ್ತದೆ. ಅದರ ಆವಿಯಂತೂ ವಿಷ. ಪಾದರಸ ಇಂಧನವೂ ಅಲ್ಲ, ಕಾಯಿಸಲು ಬೇರೆ ಬೆಂಕಿಯೇ ಬೇಕು. ಹಗುರ ವಿಮಾನಕ್ಕೆ ಇಷ್ಟೆಲ್ಲ ಹೊರಿಸಿ 1,500 ಅಡಿ ಏರಿಸಿದ್ದು ಹೇಗೆ ಎಂಬುದನ್ನು ಯಾರೂ ಇದುವರೆಗೆ ತೋರಿಸಿಕೊಟ್ಟಿಲ್ಲ.

ಆನೇಕಲ್ ನಂಟು

ತಳಪದೆ ಹೆಸರಿನ ಜೊತೆ ಸದಾ ಕೇಳಿಬರುವ ಇನ್ನೊಂದು ಹೆಸರು ಆನೇಕಲ್ ಸುಬ್ಬರಾಯ ಶಾಸ್ತ್ರಿ. ಭರದ್ವಾಜ ಮುನಿಯದು ಎನ್ನಲಾಗುವ ವೈಮಾನಿಕ ಶಾಸ್ತ್ರವನ್ನು ಬಾಯಿಂದ ಹೇಳಿ ಬರೆಸಿದವರು ಇವರು. ಜಿ.ಆರ್. ಜೋಸಿಯರ್ ಮಾಡಿದ ಅದರ ಇಂಗ್ಲಿಷ್ ಅನುವಾದ 1973ರಲ್ಲಿ ಮೈಸೂರಿನಲ್ಲಿ ಪ್ರಕಟವಾಯಿತು.

ಮರುವರ್ಷವೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಚ್.ಎಸ್. ಮುಕುಂದ ಸೇರಿ ಐವರು ತಜ್ಞರು ಈ ಗ್ರಂಥವನ್ನು ಪರೀಕ್ಷೆಗೆ ಒಡ್ಡಿದರು. ಭಾಷೆಯನ್ನು ನೋಡಿದರೆ ಇದು ವೇದಕಾಲದ್ದಲ್ಲ, 1904ಕ್ಕಿಂತ ಹಿಂದಿನದೂ ಅಲ್ಲ ಎಂದು ಅವರು ತೀರ್ಮಾನಿಸಿದರು. ಅದರಲ್ಲಿ ವಿವರಿಸಿದ ಯಾವ ವಿಮಾನಕ್ಕೂ ಹಾರುವ ಗುಣವಿಲ್ಲ ಎಂದೂ ಹೇಳಿದರು. ಶಾಸ್ತ್ರಿಗಳ ಮಾರ್ಗದರ್ಶನದಲ್ಲಿ ಮುಂಬೈನ ತಳಪದೆ ಮಾದರಿಗಳನ್ನು ಕಟ್ಟಿದ್ದರು, ಆದರೆ ಅವು ಹಾರಲಿಲ್ಲ ಎಂಬ ಉಲ್ಲೇಖವೂ ಅದೇ ವರದಿಯಲ್ಲಿದೆ. 1904ರ ನಂತರ ರೂಪುಗೊಂಡ ಗ್ರಂಥ ನೋಡಿ 1895ರಲ್ಲಿ ವಿಮಾನ ಕಟ್ಟುವುದಂತೂ ಸಾಧ್ಯವಿಲ್ಲ.

2015ರಲ್ಲಿ ಮತ್ತೆ ಚರ್ಚೆ

ತಳಪದೆ 1916ರ ಸೆಪ್ಟೆಂಬರ್ 17ರಂದು ಕೊನೆಯುಸಿರೆಳೆದರು. ಸುಮಾರು ನೂರು ವರ್ಷಗಳ ನಂತರ ಅವರ ಹೆಸರು ಮತ್ತೆ ಸುದ್ದಿಯಾಯಿತು. 2015ರ ಜನವರಿಯಲ್ಲಿ ಮುಂಬೈನಲ್ಲೇ ನಡೆದ ಭಾರತೀಯ ವಿಜ್ಞಾನ ಕಾಂಗ್ರೆಸ್‌ನಲ್ಲಿ ಪ್ರಾಚೀನ ವಿಮಾನಗಳ ಬಗ್ಗೆ ಪ್ರಬಂಧ ಮಂಡನೆಯಾಗಿ ವಿಜ್ಞಾನಿಗಳ ಆಕ್ಷೇಪಕ್ಕೆ ಕಾರಣವಾಯಿತು. ಅದೇ ತಿಂಗಳು ಆಯುಷ್ಮಾನ್ ಖುರಾನಾ ತಳಪದೆ ಪಾತ್ರದಲ್ಲಿ ನಟಿಸಿದ ಹಿಂದಿ ಸಿನಿಮಾ ಹವಾಯಿಜಾದಾ ತೆರೆಕಂಡಿತು. ಆ ಚಿತ್ರ ಕಥೆಗೆ ಇನ್ನಷ್ಟು ಬಣ್ಣ ಹಚ್ಚಿತೇ ಹೊರತು ಹೊಸ ಸಾಕ್ಷಿಯನ್ನೇನೂ ಕೊಡಲಿಲ್ಲ.

ಹಾಗೆಂದು ತಳಪದೆ ಅವರನ್ನು ನಗೆಪಾಟಲು ಮಾಡುವುದೂ ಸರಿಯಲ್ಲ. ಭಾರತದಲ್ಲಿ ಮೊದಲ ಬಾರಿಗೆ ಏರ್‌ಮೇಲ್ ಹಾರಿದ್ದು 1911ರಲ್ಲಿ, ಅಲಹಾಬಾದ್‌ನಲ್ಲಿ. ಅವರದೇ ಊರಿನ ಜುಹುನಲ್ಲಿ ವಿಮಾನ ನಿಲ್ದಾಣ ಬಂದದ್ದು 1928ರಲ್ಲಿ. ಅದಕ್ಕೂ ಎಷ್ಟೋ ಮೊದಲೇ ಚಿತ್ರಕಲಾ ಶಿಕ್ಷಕರೊಬ್ಬರು ಹಾರುವ ಯಂತ್ರದ ಬಗ್ಗೆ ಓದಿದರು, ಬರೆದರು, ಕಟ್ಟಲೂ ನೋಡಿದರು. ಇಷ್ಟು ಮಾತ್ರ ಖಚಿತ. ರೈಟ್ ಸಹೋದರರಿಗಿಂತ ಮೊದಲಿಗರು ಎಂಬ ಪಟ್ಟ ಅವರಿಗೆ ಸಿಗಬೇಕಾದರೆ ಮರುತ್ಸಖಾದ ಒಂದಾದರೂ ನಕ್ಷೆ, ಒಂದಾದರೂ ಎಂಜಿನ್ ಭಾಗ ಸಿಗಬೇಕು. ವಾಟ್ಸ್‌ಆ್ಯಪ್ ಸಂದೇಶಗಳಲ್ಲಿ ಅದು ಸಿಗುವುದಿಲ್ಲ.