ಕಡಲ ಗುರುಗಳ ಶಿಷ್ಯ: ಅರ್ನೆಸ್ಟ್ ಹೆಮಿಂಗ್ವೇ

ಅರ್ನೆಸ್ಟ್ ಹೆಮಿಂಗ್ವೇಯ ಹೆಸರನ್ನು ಕೇಳದ ಸಾಹಿತ್ಯವಿದ್ಯಾರ್ಥಿ ವಿರಳ. ಯುದ್ಧವನ್ನು ಕಂಡವನು, ಗೂಳಿಕಾಳಗವನ್ನು ಮೆಚ್ಚಿದವನು, ಆಫ್ರಿಕದಲ್ಲಿ ಬೇಟೆಯಾಡಿದವನು, ನೊಬೆಲ್ ಪಾರಿತೋಷಕವನ್ನು ಪಡೆದವನು ಎಂದು ನಾವು ಅವನನ್ನು ಬಲ್ಲೆವು. ಆದರೆ ಅವನು ತನ್ನ ಬಾಳಿನ ಸುಮಾರು ಮೂವತ್ತು ವರ್ಷಗಳ ಕಾಲ ಬೆಚ್ಚನೆಯ ಕಡಲೊಂದರ ಮೇಲೆ ಗಾಳ ಹಿಡಿದು ಕುಳಿತಿದ್ದನೆಂಬುದನ್ನೂ, ಅಲ್ಲಿ ಅವನಿಗೆ ಗುರುಗಳಾದವರು ಸಾಮಾನ್ಯ ಮೀನುಗಾರರೆಂಬುದನ್ನೂ ನಾವು ಅಷ್ಟಾಗಿ ನೆನೆಯುವುದಿಲ್ಲ. ಆ ಶಿಷ್ಯತ್ವದ ಕಥೆಯನ್ನು ಹೇಳುವುದೇ ಈ ಲೇಖನದ ಉದ್ದೇಶ.

ಹೆಮಿಂಗ್ವೇ ಹುಟ್ಟಿದ್ದು 1899ನೆಯ ಜುಲೈ 21ರಂದು, ಅಮೆರಿಕೆಯ ಷಿಕಾಗೋ ನಗರದ ಸಮೀಪದ ಓಕ್ ಪಾರ್ಕಿನಲ್ಲಿ. ತಂದೆ ವೈದ್ಯನು. ಬೇಸಿಗೆಯ ರಜೆಯಲ್ಲಿ ಆತನು ಮಗನನ್ನು ಮಿಷಿಗನ್ ಪ್ರಾಂತದ ಸರೋವರದ ದಡಕ್ಕೆ ಕರೆದೊಯ್ದು ಗಾಳ ಹಾಕುವುದನ್ನು ಕಲಿಸಿದನು. 1918ರಲ್ಲಿ ಹುಡುಗನು ಗಾಯಾಳುಗಳ ವಾಹನವನ್ನು ನಡೆಸಲೆಂದು ಇಟಲಿಯ ರಣರಂಗಕ್ಕೆ ಹೋಗಿ, ತಾನೇ ತೀವ್ರವಾಗಿ ಗಾಯಗೊಂಡನು. ಮುಂದೆ ಪ್ಯಾರಿಸ್ ನಗರದಲ್ಲಿ ನೆಲಸಿ, 1926ರಲ್ಲಿ ಪ್ರಕಟವಾದ ಕಾದಂಬರಿಯಿಂದ ಹೆಸರು ಗಳಿಸಿದನು. 1928ರಲ್ಲಿ ಸ್ವದೇಶಕ್ಕೆ ಹಿಂದಿರುಗಿದಾಗ ಅವನು ಬಂದಿಳಿದದ್ದು ಫ್ಲಾರಿಡಾದ ದಕ್ಷಿಣ ತುದಿಯಲ್ಲಿರುವ ಕೀ ವೆಸ್ಟ್ ಎಂಬ ಪುಟ್ಟ ದ್ವೀಪಕ್ಕೆ. ಅದೇ ವರ್ಷದ ಕೊನೆಯಲ್ಲಿ, ಗಾಳವನ್ನು ಕೈಗಿತ್ತ ತಂದೆ ಆತ್ಮಹತ್ಯೆ ಮಾಡಿಕೊಂಡನು.

ಕೀ ವೆಸ್ಟ್‌ಗೂ ಕ್ಯೂಬಾ ದ್ವೀಪಕ್ಕೂ ನಡುವಿನ ಅಂತರ ಸುಮಾರು ತೊಂಬತ್ತು ಮೈಲಿ. ಆ ಕಡಲಿನೊಳಗೆ ಮಹಾನದಿಯಂತೆ ಹರಿಯುವುದೇ ಗಲ್ಫ್ ಪ್ರವಾಹ. ಅದರ ನೀರು ಬೆಚ್ಚಗೆ, ಬಣ್ಣ ಕಡುನೀಲಿ. ಈಟಿಯಂತಹ ಮೂತಿಯುಳ್ಳ ಮಾರ್ಲಿನ್ ಎಂಬ ಭಾರಿ ಮೀನು ಅಲ್ಲಿ ಸಂಚರಿಸುತ್ತದೆ. ಕೆರೆಯ ಮೀನು ಹಿಡಿದು ಕೈ ಪಳಗಿದ್ದ ಹೆಮಿಂಗ್ವೇಗೆ ಇಲ್ಲಿ ತಾನು ಏನೂ ತಿಳಿಯದವನೆಂಬ ಅರಿವಾಯಿತು. ಅದನ್ನು ಒಪ್ಪಿಕೊಂಡದ್ದು ಅವನ ದೊಡ್ಡ ಗುಣ.

1932ರ ವಸಂತದಲ್ಲಿ ಅವನು ಜೋ ರಸೆಲ್ ಎಂಬವನ ‘ಅನಿಟಾ’ ದೋಣಿಯಲ್ಲಿ ಹವಾನಾಕ್ಕೆ ಹೋದನು. ರಸೆಲ್ಲನು ಮದ್ಯದಂಗಡಿಯ ಯಜಮಾನ. ಆ ಜಲಸಂಧಿಯನ್ನು ಅಂಗೈಯ ಗೆರೆಯಂತೆ ಬಲ್ಲವನು. ಕೆಲವು ದಿನಗಳಿಗೆಂದು ಹೊರಟ ಪ್ರಯಾಣ ಸುಮಾರು ಎರಡು ತಿಂಗಳಿಗೆ ಬೆಳೆಯಿತು. ಅಲ್ಲಿ ಅವನಿಗೆ ಮಾರ್ಗದರ್ಶಕನಾಗಿ ದೊರೆತವನು ಕಾರ್ಲೋಸ್ ಗುಟಿಯರೆಸ್ ಎಂಬ ಕ್ಯೂಬಾದ ಮೀನುಗಾರ. ಬಾಲ್ಯದಲ್ಲಿಯೇ ತಂದೆಯ ದೋಣಿ ಹತ್ತಿದ ಕಾರ್ಲೋಸ್ ಮಾರ್ಲಿನ್ನಿನ ನಡೆನುಡಿಯನ್ನೆಲ್ಲ ಅನುಭವದಿಂದಲೇ ತಿಳಿದಿದ್ದನು.

ಆ ಬೇಟೆಯ ಕ್ರಮ ಹೀಗೆ. ನಸುಕಿನಲ್ಲಿಯೇ ಬಡ ಬೆಸ್ತರ ಚಿಕ್ಕ ದೋಣಿಗಳು ಹೊರಟು, ಬೇರೆ ಬೇರೆ ಆಳಕ್ಕೆ ಎರೆ ಇಳಿಬಿಟ್ಟು ಪ್ರವಾಹದೊಡನೆ ತೇಲುತ್ತಿರುತ್ತವೆ. ಬೆಳಗಾದ ಮೇಲೆ ಹವ್ಯಾಸಿಗಳ ಯಂತ್ರದೋಣಿ ಬಂದರಿನ ಬಾಯಿಯಲ್ಲಿರುವ ಮೋರೋ ಕೋಟೆಯನ್ನು ದಾಟಿ ನೀಲಿನೀರನ್ನು ಸೇರುತ್ತದೆ. ಪ್ರವಾಹ ಹರಿಯುವುದು ಪೂರ್ವಕ್ಕೆ. ಹೊತ್ತೇರಿದಂತೆ ಈಶಾನ್ಯದ ಮಾರುತ ಅದಕ್ಕೆ ಎದುರಾಗಿ ಬೀಸಿ ಅಲೆಗಳೇಳುತ್ತವೆ. ಮಾರ್ಲಿನ್ ಮೇಲಕ್ಕೆ ಬರುವುದು ಆಗಲೇ. ಮೀನು ಎರೆಯನ್ನು ಮುಟ್ಟಿದೊಡನೆ ಹೊಸಬನು ಗಾಳವನ್ನು ಜಗ್ಗಿ ಕೆಡಿಸುತ್ತಾನೆ. ಬಲ್ಲವನು ದಾರವನ್ನು ಸಡಿಲಬಿಟ್ಟು, ಅದು ನುಂಗುವವರೆಗೆ ಕಾಯುತ್ತಾನೆ. ಆಮೇಲೆ ಗಂಟೆಗಟ್ಟಲೆ ಹೋರಾಟ. ಮೀನು ಓಡಿದತ್ತ ದೋಣಿಯನ್ನು ತಿರುಗಿಸುವವನು ಚುಕ್ಕಾಣಿಗ. ಕೊನೆಯಲ್ಲಿ ಬಾಗಿ, ಕೊಕ್ಕೆಗೋಲಿನಿಂದ ಮೀನನ್ನು ಸೆಳೆದುಕೊಳ್ಳುವವನು ಸಹಾಯಕ. ಜಗ್ಗಬೇಕಾದ ಗಳಿಗೆ ಯಾವುದು, ಬಿಡಬೇಕಾದ ಗಳಿಗೆ ಯಾವುದು ಎಂಬುದನ್ನು ಹೆಮಿಂಗ್ವೇ ಇಂಥವರಿಂದ ಕಲಿತನು.

1934ರಲ್ಲಿ ಅವನು ನ್ಯೂಯಾರ್ಕಿನ ಬ್ರೂಕ್ಲಿನ್ನಿನಲ್ಲಿ ಮೂವತ್ತೆಂಟು ಅಡಿ ಉದ್ದದ ಸ್ವಂತ ದೋಣಿಯನ್ನು ಕಟ್ಟಿಸಿ ಅದಕ್ಕೆ ‘ಪಿಲಾರ್’ ಎಂದು ಹೆಸರಿಟ್ಟನು. ಆ ಬೇಸಿಗೆಯಲ್ಲಿಯೇ ಫಿಲಡೆಲ್ಫಿಯಾದ ಪ್ರಕೃತಿವಿಜ್ಞಾನ ಅಕಾಡೆಮಿಯ ವಿದ್ವಾಂಸರು ಮಾರ್ಲಿನ್ನಿನ ಅಧ್ಯಯನಕ್ಕಾಗಿ ಅದರಲ್ಲಿ ಸಂಚರಿಸಿದರು. ಅವರಲ್ಲಿ ಒಬ್ಬನಾದ ಹೆನ್ರಿ ಫೌಲರನು 1935ರಲ್ಲಿ ಒಂದು ಮೀನಿನ ಜಾತಿಗೆ ಹೆಮಿಂಗ್ವೇಯ ಹೆಸರನ್ನೇ ಇಟ್ಟನು.

ಅಷ್ಟಾದರೂ ಕಡಲು ಅವನಿಗೆ ವಿನಯವನ್ನು ಕಲಿಸುವುದನ್ನು ಬಿಡಲಿಲ್ಲ. 1935ರ ಏಪ್ರಿಲ್ ತಿಂಗಳಲ್ಲಿ ಹಿಡಿದ ಶಾರ್ಕಿಗೆ ಗುಂಡಿಡಲು ಹೋಗಿ ತನ್ನ ಕಾಲುಗಳಿಗೇ ಗುಂಡು ತಗುಲಿಸಿಕೊಂಡು ಹಿಂದಿರುಗಬೇಕಾಯಿತು. ಅನಂತರ ಬಹಾಮಾ ದ್ವೀಪಗಳ ಬಿಮಿನಿಗೆ ಹೋದಾಗ, ಅಲ್ಲಿ ಗಾಳಕ್ಕೆ ಸಿಕ್ಕ ಭಾರಿ ಟ್ಯೂನಾ ಮೀನನ್ನು ದೋಣಿಗೆ ತರುವುದರೊಳಗೆ ಶಾರ್ಕುಗಳು ಕಿತ್ತು ತಿನ್ನುತ್ತಿದ್ದುವು. ಮೀನಿಗೆ ವಿಶ್ರಾಂತಿ ಕೊಡದೆ ಬೇಗನೆ ಎಳೆದು, ಅಲ್ಲಿ ಟ್ಯೂನಾವನ್ನು ಇಡಿಯಾಗಿ ತಂದವರಲ್ಲಿ ಅವನೇ ಮೊದಲಿಗನೆನಿಸಿದನು.

1939ರಲ್ಲಿ ಅಂತರರಾಷ್ಟ್ರೀಯ ಗಾಳಬೇಟೆ ಸಂಸ್ಥೆ ಸ್ಥಾಪಿತವಾಯಿತು. ಮುಂದೆ ಹೆಮಿಂಗ್ವೇ ಅದರ ಉಪಾಧ್ಯಕ್ಷರಲ್ಲಿ ಒಬ್ಬನಾದನು. ದಾಖಲೆಗೆ ಸೇರಬೇಕಾದ ಮೀನನ್ನು ಒಬ್ಬನೇ ಹೋರಾಡಿ ಹಿಡಿದಿರಬೇಕು, ಹೋರಾಟದ ನಡುವೆ ಬೇರೆಯವರ ಕೈ ಅವನ ಗಾಳದ ಕೋಲನ್ನು ಸೋಕಬಾರದು ಎಂಬುದು ಅದರ ನಿಯಮ. ಸ್ಪರ್ಧೆಗೆ ಇಂಥ ನಿಯಮ ಬೇಕು ನಿಜ. ಆದರೆ ಎರೆ ಕಟ್ಟಿದ ಕೈ, ಚುಕ್ಕಾಣಿ ಹಿಡಿದ ಕೈ, ಕೊಕ್ಕೆ ಹಾಕಿದ ಕೈ ಇವುಗಳಿಲ್ಲದೆ ಆ ಒಬ್ಬನ ಗೆಲವು ಎಲ್ಲಿಯದು? ಹಣವುಳ್ಳವನಿಗೆ ಬೆಳಗಿನ ವಿನೋದವಾದ ಕಡಲು ಪಕ್ಕದ ಚಿಕ್ಕ ದೋಣಿಯವನಿಗೆ ಅಂದಿನ ಅನ್ನ. ಈ ಅಂತರವನ್ನು ಹೆಮಿಂಗ್ವೇ ಕಣ್ಣಾರೆ ಕಂಡನು.

ಹಿಂದೊಮ್ಮೆ ಕಾರ್ಲೋಸ್ ಅವನಿಗೆ ಒಂದು ಘಟನೆಯನ್ನು ಹೇಳಿದ್ದನು. ಮುದುಕನೊಬ್ಬನು ಒಂಟಿಯಾಗಿ ಹಿಡಿದ ಮಾರ್ಲಿನ್ ಅವನ ದೋಣಿಯನ್ನು ಬಹುದೂರ ಎಳೆದೊಯ್ದಿತು. ಎರಡು ದಿನಗಳ ಬಳಿಕ ಬೆಸ್ತರು ಅವನನ್ನು ಕಂಡಾಗ, ಶಾರ್ಕುಗಳು ತಿಂದು ಅರ್ಧಕ್ಕಿಂತ ಕಡಿಮೆ ಉಳಿದಿದ್ದ ಆ ಮೀನೇ ಎಂಟುನೂರು ಪೌಂಡು ತೂಗಿತು, ಮುದುಕನು ಅಳುತ್ತಿದ್ದನು. ಇದನ್ನು ಹೆಮಿಂಗ್ವೇ 1936ರಲ್ಲಿ ಒಂದು ಲೇಖನದಲ್ಲಿ ಕೆಲವೇ ಸಾಲುಗಳಲ್ಲಿ ಬರೆದನು. ಅದು ಕಥೆಯಾಗಿ ಮಾಗಲು ಇನ್ನೂ ಹದಿನೈದು ವರ್ಷ ಬೇಕಾದುವು. ಎರೆ ನುಂಗುವವರೆಗೆ ಕಾಯುವ ಪಾಠವನ್ನು ಅವನು ಲೇಖನಿಯಲ್ಲಿಯೂ ಮರೆತಿರಲಿಲ್ಲ.

ಈ ನಡುವೆ ಅವನು ಹವಾನಾದ ಹೊರವಲಯದಲ್ಲಿ ಮನೆ ಮಾಡಿ ನೆಲಸಿದನು. 1938ರಿಂದ ಪಿಲಾರ್ ದೋಣಿಯ ಹೊಣೆ ಗ್ರೆಗೋರಿಯೊ ಫ್ಯುಯೆಂಟೆಸ್ ಎಂಬ ನಾವಿಕನದಾಯಿತು. ಕ್ಯಾನರಿ ದ್ವೀಪದಲ್ಲಿ ಹುಟ್ಟಿ, ಹುಡುಗನಾಗಿದ್ದಾಗಲೇ ಕ್ಯೂಬಾಕ್ಕೆ ಬಂದವನು ಆತ. ಅಡುಗೆ, ಯಂತ್ರ, ಗಾಳ ಎಲ್ಲವನ್ನೂ ಬಲ್ಲವನು. ಎರಡನೆಯ ಮಹಾಯುದ್ಧದಲ್ಲಿ ಜರ್ಮನ್ ಜಲಾಂತರ್ಗಾಮಿಗಳನ್ನು ಹುಡುಕಿಕೊಂಡು ಪಿಲಾರ್ ಅಲೆದಾಗಲೂ ಜೊತೆಗಿದ್ದವನು.

1952ರ ಸೆಪ್ಟೆಂಬರಿನಲ್ಲಿ ‘ಮುದುಕ ಮತ್ತು ಸಮುದ್ರ’ದ ಕಥೆ ‘ಲೈಫ್’ ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಪೂರ್ತಿಯಾಗಿ ಪ್ರಕಟವಾಯಿತು. ಎರಡೇ ದಿನಗಳಲ್ಲಿ ಐವತ್ತು ಲಕ್ಷಕ್ಕೂ ಹೆಚ್ಚು ಪ್ರತಿಗಳು ಮಾರಾಟವಾದುವು. 1953ರಲ್ಲಿ ಪುಲಿಟ್ಜರ್, 1954ರಲ್ಲಿ ನೊಬೆಲ್ ಪಾರಿತೋಷಕಗಳು ಬಂದುವು. ಓದಿದವರೆಲ್ಲ ಮುದುಕ ಸಾಂಟಿಯಾಗೋನ ಏಕಾಕಿ ಸಾಹಸವನ್ನು ಕೊಂಡಾಡಿದರು. ಆದರೆ ಆ ಮುದುಕನು ನಡುಗಡಲಿನಲ್ಲಿ ಮತ್ತೆ ಮತ್ತೆ ಹಂಬಲಿಸುವುದು ದಡದಲ್ಲಿ ಉಳಿದ ತನ್ನ ಪುಟ್ಟ ಶಿಷ್ಯನಿಗಾಗಿ ಎಂಬುದನ್ನು ಗಮನಿಸಬೇಕು. ಒಬ್ಬನೇ ಗೆಲ್ಲಬಹುದೆಂಬ ಹೆಮ್ಮೆಯನ್ನು ಕಡಲು ಮುರಿಯುತ್ತದೆ. ಇನ್ನೊಬ್ಬರ ಕೈಯ ಬೆಲೆಯನ್ನರಿತವನು ಮಾತ್ರ ಬರೆಯಬಲ್ಲ ಕಥೆ ಅದು.

ತನಗೆ ಬಂದ ನೊಬೆಲ್ ಪದಕವನ್ನು ಅವನು ಕ್ಯೂಬಾದ ಜನರ ಆರಾಧ್ಯಳಾದ ಎಲ್ ಕೋಬ್ರೆಯ ಮಾತೆಯ ಗುಡಿಗೆ ಒಪ್ಪಿಸಿದನು. 1960ರಲ್ಲಿ ಕ್ಯೂಬಾವನ್ನು ಬಿಟ್ಟು ಬಂದವನಿಗೆ ಮತ್ತೆ ಆ ಕಡಲನ್ನು ಕಾಣುವ ಯೋಗ ಬರಲಿಲ್ಲ. ದೇಹದ ರೋಗವೂ ಮನಸ್ಸಿನ ಕತ್ತಲೆಯೂ ಮುತ್ತಿ, 1961ನೆಯ ಜುಲೈ 2ರಂದು ತಂದೆಯಂತೆ ತಾನೂ ತನ್ನ ಕೈಯಿಂದಲೇ ಬಾಳನ್ನು ಮುಗಿಸಿಕೊಂಡನು. ಸೋಲದ ಮುದುಕನನ್ನು ಸೃಷ್ಟಿಸಿದವನ ಈ ಕೊನೆ ಮನಸ್ಸನ್ನು ಕಲಕುತ್ತದೆ. ಅದನ್ನು ಅಳೆಯುವ ಅಧಿಕಾರ ನಮಗಿಲ್ಲ.

ಪಿಲಾರ್ ದೋಣಿ ಗ್ರೆಗೋರಿಯೊನ ಪಾಲಿಗೆ ಬಂದಿತು. ಆತನು ನೂರನಾಲ್ಕು ವರ್ಷ ಬಾಳಿ 2002ರಲ್ಲಿ ತೀರಿಕೊಂಡನು. ಅವರಿಬ್ಬರೂ ಹೊರಡುತ್ತಿದ್ದ ಕೋಹಿಮಾರ್ ಎಂಬ ಮೀನುಗಾರರ ಹಳ್ಳಿಯಲ್ಲಿ ಹೆಮಿಂಗ್ವೇಯ ಒಂದು ಎದೆಮಟ್ಟದ ವಿಗ್ರಹವಿದೆ. ಅದಕ್ಕೆ ಬೇಕಾದ ಲೋಹಕ್ಕಾಗಿ ಅಲ್ಲಿಯ ಬೆಸ್ತರು ತಮ್ಮ ದೋಣಿಗಳ ಹಿತ್ತಾಳೆಯ ಭಾಗಗಳನ್ನು ಕೊಟ್ಟರು. ವಿದ್ಯೆಯನ್ನು ಕೊಟ್ಟ ಗುರುಗಳೇ ಶಿಷ್ಯನಿಗೆ ಸ್ಮಾರಕವನ್ನೂ ಕಟ್ಟಿದರು. ದೊಡ್ಡವರ ಜೀವನವನ್ನು ಓದುವಾಗ, ಅವರ ದೋಣಿಯ ಚುಕ್ಕಾಣಿ ಹಿಡಿದವರ ಹೆಸರನ್ನೂ ನಾವು ಕೇಳಿ ತಿಳಿಯೋಣ.