ಭೂಕಂಪಕ್ಕೆ ಮೊದಲೇ ಎಚ್ಚರಿಸಿದ ಇಮಾಮುರ



ನಮ್ಮ ಹೊಸನಗರ, ತೀರ್ಥಹಳ್ಳಿ ಕಡೆ ನೆಲ ನಡುಗುವುದು ಅಪರೂಪ. ನಡುಗಿದರೂ ಅಡುಗೆಮನೆಯ ಪಾತ್ರೆ ಅಲುಗುವಷ್ಟು. ಆದರೆ ಲಿಂಗನಮಕ್ಕಿ, ಮಾಣಿ ಅಣೆಕಟ್ಟುಗಳ ಆಸುಪಾಸಿನಲ್ಲಿರುವ ನಮಗೆ ಅಷ್ಟೇ ಸಾಕು, ಗಾಳಿಸುದ್ದಿ ಹಬ್ಬಲು. ಹಾಗಾಗಿ ಈ ಸಲ ನಾನು ಜಪಾನಿನ ಭೂಕಂಪ ವಿಜ್ಞಾನಿ ಅಕಿತ್ಸುನೆ ಇಮಾಮುರ ಅವರ ಬಗ್ಗೆ ಬರೆಯುತ್ತಿದ್ದೇನೆ.

1870ರಲ್ಲಿ ಕಾಗೊಶಿಮಾದಲ್ಲಿ ಹುಟ್ಟಿದ ಇಮಾಮುರ ಟೋಕಿಯೊ ವಿಶ್ವವಿದ್ಯಾಲಯದಲ್ಲಿ ಓದಿ, ಅಲ್ಲೇ ಸಹಾಯಕ ಪ್ರಾಧ್ಯಾಪಕರಾದರು. ಹುದ್ದೆ ಇತ್ತು, ಸಂಬಳ ಇರಲಿಲ್ಲ! ಹೊಟ್ಟೆಪಾಡಿಗೆ ಸೈನ್ಯದ ಶಾಲೆಯೊಂದರಲ್ಲಿ ಪಾಠ ಹೇಳುತ್ತಿದ್ದರು. ಅವರಿಗಿಂತ ಎರಡೇ ವರ್ಷ ದೊಡ್ಡವರಾದ ಫುಸಾಕಿಚಿ ಒಮೊರಿ ವಿಭಾಗದ ಪ್ರಾಧ್ಯಾಪಕರು. 1905ರ ಕಾಂಗ್ಡಾ ಭೂಕಂಪದ ಅಧ್ಯಯನಕ್ಕೆ ನಮ್ಮ ದೇಶಕ್ಕೂ ಬಂದಿದ್ದ ಲೋಕಪ್ರಸಿದ್ಧ ವಿಜ್ಞಾನಿ.

ಅದೇ 1905ರಲ್ಲಿ ಇಮಾಮುರ ಪತ್ರಿಕೆಯೊಂದಕ್ಕೆ ಲೇಖನ ಬರೆದರು. ಐವತ್ತು ವರ್ಷಗಳೊಳಗೆ ಟೋಕಿಯೊಗೆ ದೊಡ್ಡ ಭೂಕಂಪ ಬರಬಹುದು, ನೀರಿನ ಕೊಳವೆಗಳು ಒಡೆದರೆ ಬೆಂಕಿ ಆರಿಸಲಾಗದೆ ಲಕ್ಷಕ್ಕೂ ಹೆಚ್ಚು ಜನ ಸಾಯಬಹುದು ಎಂಬುದು ಅದರ ಸಾರ. ಅವರು ದಿನ, ವಾರ ಹೇಳಿರಲಿಲ್ಲ. ಎಣ್ಣೆ ದೀಪ ಬಿಟ್ಟು ವಿದ್ಯುತ್ ದೀಪ ಬಳಸಿ ಎಂಬಂಥ ಸರಳ ಸಲಹೆ ಕೊಟ್ಟಿದ್ದರು. ದಿನಪತ್ರಿಕೆಗಳು ಅದನ್ನೇ ಉಪ್ಪುಖಾರ ಹಚ್ಚಿ ಬರೆದಾಗ ಊರೆಲ್ಲ ಗಾಬರಿಯಾಯಿತು. ಒಮೊರಿ ಇದು ಆಧಾರವಿಲ್ಲದ ಮಾತೆಂದು ಬಹಿರಂಗವಾಗಿ ತಳ್ಳಿಹಾಕಿದರು. ಇಮಾಮುರರಿಗೆ ಬುರುಡೆ ಬಿಡುವವನೆಂಬ ಹೆಸರು ಬಂತು. ಜನರ ಗಾಬರಿ ಇಳಿಸಬೇಕೆಂಬ ಒಮೊರಿಯವರ ಕಾಳಜಿ ನನಗೆ ಅರ್ಥವಾಗುತ್ತದೆ. ಆದರೆ ಗಾಬರಿಯ ಜೊತೆಗೆ ಎಚ್ಚರಿಕೆಯೂ ಮೂಲೆಗೆ ಬಿತ್ತು.

1923ರ ಸೆಪ್ಟೆಂಬರ್ 1, ಮಧ್ಯಾಹ್ನ 11 ಗಂಟೆ 58 ನಿಮಿಷ. ಮನೆಮನೆಯಲ್ಲಿ ಒಲೆ ಉರಿಯುತ್ತಿದ್ದ ಹೊತ್ತು. 7.9 ತೀವ್ರತೆಯ ಕಂಪನವಾದಾಗ ಇಮಾಮುರ ವಿಶ್ವವಿದ್ಯಾಲಯದ ತಮ್ಮ ಕೊಠಡಿಯಲ್ಲಿ ಕುಳಿತು ಸೆಕೆಂಡು ಎಣಿಸುತ್ತಿದ್ದರು. ನೀರಿನ ಕೊಳವೆಗಳು ಒಡೆದವು. ಸತ್ತವರು ಸುಮಾರು 1,05,000. ಹೆಚ್ಚಿನವರು ಬೆಂಕಿಗೆ ಸಿಕ್ಕವರು. ಹೊಂಜೊ ಎಂಬಲ್ಲಿನ ಒಂದೇ ಮೈದಾನದಲ್ಲಿ ಆಶ್ರಯ ಪಡೆದಿದ್ದ ಸುಮಾರು 38,000 ಜನ ಸುಟ್ಟುಹೋದರು.

ಬೆಂಕಿ ಆರುವ ಮೊದಲೇ ಇನ್ನೊಂದು ಕೇಡು ಎದ್ದಿತು. ಕೊರಿಯನ್ನರು ಬಾವಿಗೆ ವಿಷ ಹಾಕುತ್ತಿದ್ದಾರೆಂಬ ಸುಳ್ಳು ಹಬ್ಬಿ, ದೊಣ್ಣೆ, ಕತ್ತಿ ಹಿಡಿದ ಗುಂಪುಗಳು ಸಾವಿರಾರು ನಿರಪರಾಧಿಗಳನ್ನು ಕೊಂದವು. ಭೂಕಂಪದ ಪುಟಗಳಲ್ಲಿ ಇದನ್ನು ಓದಿದಾಗ ನಾನು ಪುಸ್ತಕ ಮುಚ್ಚಿಟ್ಟೆ.

ಆ ದಿನ ಒಮೊರಿ ಆಸ್ಟ್ರೇಲಿಯಾದಲ್ಲಿದ್ದರು. ಸಿಡ್ನಿಯ ವೀಕ್ಷಣಾಲಯದಲ್ಲಿ ಕಂಪನಮಾಪಕದ ಮುಳ್ಳು ಹೊಯ್ದಾಡುವುದನ್ನು ಅವರೇ ಕಂಡರು. ಕಾಯಿಲೆಯಲ್ಲೇ ಊರಿಗೆ ಮರಳಿ, ನವೆಂಬರಿನಲ್ಲಿ ತೀರಿಕೊಂಡರು. ಅವರ ಪೀಠಕ್ಕೆ ಇಮಾಮುರ ಬಂದರು.

ಗೆದ್ದೆನೆಂದು ಅವರು ಸುಮ್ಮನೆ ಕೂರಲಿಲ್ಲ. ಮುಂದಿನ ದೊಡ್ಡ ಕಂಪನ ನೈಋತ್ಯದ ನಾನ್‌ಕಾಯ್ ಕರಾವಳಿಯಲ್ಲಿ ಎಂದು ಅಂದಾಜಿಸಿ, ಸ್ವಂತ ಹಣ ಹಾಕಿ ಅಲ್ಲಿ ವೀಕ್ಷಣಾ ಕೇಂದ್ರ ತೆರೆದರು. ಶಾಲಾ ಪುಸ್ತಕದಲ್ಲಿ ಭೂಕಂಪದ ಪಾಠ ಬೇಕೆಂದು ಹಟ ಹಿಡಿದರು. 1937ರಲ್ಲಿ ಅಂಥದೊಂದು ಪಾಠ ಬಂತು. 1854ರ ಸುನಾಮಿಯಲ್ಲಿ ಹುಲ್ಲಿನ ಬಣವೆಗೆ ಬೆಂಕಿ ಹಚ್ಚಿ, ಕತ್ತಲಲ್ಲಿ ಹಳ್ಳಿಗರಿಗೆ ಗುಡ್ಡದ ದಾರಿ ತೋರಿಸಿದ ಹಮಾಗುಚಿ ಗೊರ್ಯೊ ಅವರ ಕಥೆಯಿಂದ ಹುಟ್ಟಿದ ಪಾಠವದು. ಇಮಾಮುರ ಅದಕ್ಕೆ ಶಿಕ್ಷಕರ ಕೈಪಿಡಿಯನ್ನೂ ಬರೆದರು.

ಯುದ್ಧಕಾಲದ 1944ರಲ್ಲಿ ಒಮ್ಮೆ, 1946ರ ಡಿಸೆಂಬರ್ 21ರಂದು ಮತ್ತೊಮ್ಮೆ ಆ ಕರಾವಳಿ ನಡುಗಿತು. ಇಮಾಮುರರ ಅಂದಾಜು ಮತ್ತೆ ನಿಜವಾಗಿತ್ತು; ಅವರಿಗೆ ಉಳಿದದ್ದು ದುಃಖ. ಆದರೆ ಹಮಾಗುಚಿ ತಮ್ಮ ಊರಿಗೆ ಕಟ್ಟಿಸಿದ್ದ ಮಣ್ಣಿನ ಒಡ್ಡು, ಸುಮಾರು ತೊಂಬತ್ತು ವರ್ಷಗಳ ನಂತರವೂ, ಊರಿನ ಬಹುಭಾಗವನ್ನು ಕಡಲಿನಿಂದ ಕಾಯಿತು. 1948ರ ಜನವರಿ 1ರಂದು ಇಮಾಮುರ ತೀರಿಕೊಂಡರು.